ಸ್ಯಾಂಡರ್ಸ್ 1988 ಅಥವಾ ಬರೋ 2019: ಯಾವ ಸೀಸನ್ ಮೇಲು?

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಒಬ್ಬ ಆಟಗಾರನ ಸರ್ವಶ್ರೇಷ್ಠ ಸೀಸನ್ ಯಾವುದೆಂದು ಆರಿಸಬೇಕಾದವರು ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದ ಈ ಇಬ್ಬರನ್ನು ಎದುರುಬದುರು ನಿಲ್ಲಿಸಿ ನೋಡುವುದು ಒಳಿತು.

ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಕೇವಲ 11 ಪಂದ್ಯಗಳಲ್ಲಿ ಚೆಂಡು ಹಿಡಿದು 2,628 ಗಜ ಓಡಿದರು, ಓಟದಿಂದಲೇ 37 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಗಳಿಸಿದರು. ಎಂದರೆ ಪಂದ್ಯಕ್ಕೆ ಸುಮಾರು 239 ಗಜ! ಸೀಸನ್ ಕೊನೆಗೆ ನಡೆಯುವ ವಿಶೇಷ ಪಂದ್ಯವಾದ ಬೌಲ್ ಪಂದ್ಯದ ಅಂಕಿಗಳನ್ನು ಆಗ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಾದ್ದರಿಂದ, ವಯೋಮಿಂಗ್ ವಿರುದ್ಧದ ಹಾಲಿಡೇ ಬೌಲ್‌ನಲ್ಲಿ ಅವರು ಗಳಿಸಿದ 222 ಗಜ ಹಾಗೂ 5 ಟಚ್‌ಡೌನ್‌ಗಳು ಈ ಮೊತ್ತದಿಂದ ಹೊರಗೇ ಉಳಿದಿವೆ.

ಲೂಯಿಸಿಯಾನ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಸಹ ಆಟಗಾರರಿಗೆ ಎಸೆದು ದಾಳಿ ನಡೆಸುವ ಆಟಗಾರ) ಜೋ ಬರೋ 2019ರಲ್ಲಿ 5,671 ಗಜಗಳ ಪಾಸ್ ಹಾಗೂ 60 ಟಚ್‌ಡೌನ್ ಪಾಸ್ ನೀಡಿದರು. ಎದುರಾಳಿಗಳ ಕೈಸೇರಿದ್ದು ಆರೇ ಪಾಸ್. ಓಕ್ಲಹೋಮ ವಿರುದ್ಧದ ಸೆಮಿಫೈನಲ್‌ನ ಮೊದಲಾರ್ಧದಲ್ಲೇ ಅವರು 7 ಟಚ್‌ಡೌನ್ ಪಾಸ್ ಎಸೆದಿದ್ದರು. ತಂಡ 15 ಪಂದ್ಯಗಳನ್ನೂ ಗೆದ್ದು, ಫೈನಲ್‌ನಲ್ಲಿ ಕ್ಲೆಮ್ಸನ್ ತಂಡವನ್ನು 42-25ರಿಂದ ಸೋಲಿಸಿತು.

ಚಾಂಪಿಯನ್‌ಶಿಪ್ಪೇ ಮಾನದಂಡವಾದರೆ ಬರೋ ಅವರನ್ನೇ ಆರಿಸಬೇಕು. ಆದರೆ ಅವರ ಪಾಸ್‌ಗಳನ್ನು ಹಿಡಿಯಲು ಜಾಮಾರ್ ಚೇಸ್, ಜಸ್ಟಿನ್ ಜೆಫರ್ಸನ್‌ರಂಥ ನುರಿತ ಆಟಗಾರರಿದ್ದರು ಎಂಬುದನ್ನೂ ತೂಗಬೇಕು. ಒಬ್ಬನ ಸಾಧನೆಯನ್ನಷ್ಟೇ ಅಳೆಯುವುದಾದರೆ ನನ್ನ ಮತ ಸ್ಯಾಂಡರ್ಸ್ ಅವರಿಗೆ.