ಬೇಡದ ಕಿಟಕಿ ಮುಚ್ಚೋಕೆ ಯಾವುದು ಸರಿ: ಬ್ಲಾಕಾ, ಬೋರ್ಡಾ, ಸ್ಟಿಕ್ಕರಾ?

ಶಿವಮೊಗ್ಗದ ನಮ್ಮ ಮನೆ ಹಳೆಯದು, 9 ಇಂಚಿನ ಇಟ್ಟಿಗೆ ಗೋಡೆ. ಗಾಳಿ ಬರಲಿ ಅಂತ ನಾಲ್ಕೂ ಕಡೆ 4 ಅಡಿಗೆ 4 ಅಡಿ ಕಿಟಕಿ ಇಟ್ಟಿದ್ದರು. ಆಮೇಲೆ ಪಕ್ಕದ ಸೈಟಲ್ಲಿ ಮನೆ ಎದ್ದಿತು. ಈಗ ಮಲಗೋ ಕೋಣೆಯ ಒಂದು ಕಿಟಕಿಗೆ ಅವರ ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಎದುರು. ಮೆಟ್ಟಿಲ ಹತ್ತಿರದ್ದಕ್ಕೆ ಅವರ ಅಡುಗೆಮನೆ. ಮಹಡಿಯ ಪಶ್ಚಿಮದ ಕಿಟಕಿಯಲ್ಲಿ ಜೂನ್ ಬಂತೆಂದರೆ ಇರಚಲು. ಮೂರಕ್ಕೂ ಬೇರೆ ಬೇರೆ ಮದ್ದು ಮಾಡಿ ನೋಡಿದೆವು.

ಮೆಟ್ಟಿಲ ಕಿಟಕಿಗೆ ಫ್ರಾಸ್ಟೆಡ್ ಸ್ಟಿಕ್ಕರ್ ಸಾಕಾಯಿತು. ಗಾಜನ್ನು ಸೋಪಿನ ನೀರಲ್ಲಿ ಒದ್ದೆ ಮಾಡಿ ಅಂಟಿಸಿ, ಪಟ್ಟಿಯಿಂದ ಗುಳ್ಳೆ ತಳ್ಳಿದರೆ ಮುಗಿಯಿತು. ಖರ್ಚು ಐನೂರು ರೂಪಾಯಿ ಒಳಗೆ. ಬೆಳಕು ಬರುತ್ತದೆ, ಮುಖ ಕಾಣುವುದಿಲ್ಲ. ಆದರೆ ಒಗ್ಗರಣೆ ಸದ್ದೂ ಘಾಟೂ ಹಾಗೇ ಬರುತ್ತವೆ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಜಾಸ್ತಿ ಯಾಕೆ ಬೇಕು?

ಮಹಡಿಯಲ್ಲಿ ಮೊದಲು ಪ್ಲೈವುಡ್ ಹೊಡೆಸಿದೆವು. ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿ ಪದರ ಬಿಚ್ಚಿಕೊಂಡಿತು. ಮಲೆನಾಡಿನ ಮಳೆ, ಗೆದ್ದಲು ಎರಡೂ ಇರುವ ಕಡೆ ಹೊರಗೋಡೆಗೆ ಇದು ಬೇಡವೇ ಬೇಡ. ಅದನ್ನು ಕಿತ್ತು ಸಿಮೆಂಟ್ ಬೋರ್ಡ್ ಹಾಕಿಸಿದೆವು. 8 ಅಡಿಗೆ 4 ಅಡಿಯ ಒಂದು ಹಾಳೆಯಲ್ಲಿ ಇಂಥ ಎರಡು ಕಿಟಕಿ ಮುಚ್ಚಬಹುದು. ಹೊರಗೊಂದು, ಒಳಗೊಂದು ತುಂಡು ಹಾಕಿಸಿದ್ದರಿಂದ ಏನೂ ದಂಡವಾಗಲಿಲ್ಲ. 8 ಎಂಎಂ ದಪ್ಪದ್ದು ಸಾಕು, ಆದರೆ ಇಡೀ ಹಾಳೆ ಒಬ್ಬರೇ ಎತ್ತುವಂಥದ್ದಲ್ಲ. ಇಲ್ಲಿ ಮರದ ಚೌಕಟ್ಟು ತೆಗೆಯಬೇಕಿಲ್ಲ, ಅದಕ್ಕೇ ಸ್ಕ್ರೂ ಹೊಡೆಯಬಹುದು. ಮೊದಲೇ ತೂತು ಕೊರೆದುಕೊಳ್ಳಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಸಂದಿಗೆ ಅಂಗಡಿಯವರು ಸಿಲಿಕೋನ್ ಕೊಡಲು ನೋಡುತ್ತಾರೆ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಅಕ್ರಿಲಿಕ್ ಸೀಲೆಂಟ್ ಕೇಳಿ. ಕೂಲಿ ಸೇರಿ ಸುಮಾರು ಮೂರು ಸಾವಿರ ಆಯಿತು. ಇರಚಲು ನಿಂತಿದೆ. ತಟ್ಟಿದರೆ ಮಾತ್ರ ಟೊಳ್ಳು ಸದ್ದು. ಎರಡು ಬೋರ್ಡ್ ನಡುವೆ ಥರ್ಮಾಕೋಲ್ ತುಂಬಿ ಅಂತ ಹೇಳುವವರಿದ್ದಾರೆ. ಅದು ಶಾಖಕ್ಕೆ ಸರಿ, ಸದ್ದಿಗಲ್ಲ. ಸದ್ದು ತಡೆಯಲು ರಾಕ್‌ವೂಲ್ (ಕಲ್ಲಿನ ಎಳೆಯಿಂದ ಮಾಡಿದ ಉಣ್ಣೆಯಂಥ ಹಾಸು) ಬೇಕು.

ಮಲಗೋ ಕೋಣೆಗೆ ವಾಸನೆ, ಸದ್ದು, ನೋಟ ಮೂರೂ ನಿಲ್ಲಬೇಕಿತ್ತು. ಹಾಗಾಗಿ ಗೋಡೆಯೇ ಕಟ್ಟಿಸಿದೆವು. 16ಕ್ಕೆ 8 ಇಂಚಿನ, 4 ಇಂಚು ದಪ್ಪದ ಸಾಲಿಡ್ ಕಾಂಕ್ರೀಟ್ ಬ್ಲಾಕ್ ಆದರೆ ಈ ಅಳತೆಗೆ 18 ಬೇಕು. 24ಕ್ಕೆ 8 ಇಂಚಿನ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಆದರೆ 12 ಸಾಕು. ಎಎಸಿ ಹಗುರ, ಕೈಗರಗಸದಲ್ಲೇ ಕತ್ತರಿಸಬಹುದು, ಮಹಡಿಗೆ ಹೊರಲು ಸುಲಭ. ಆದರೆ ನೀರು ಹೀರುತ್ತದೆ, ಹೊರಗೆ ಪ್ಲಾಸ್ಟರ್ ಬಿಡುವಂತೆಯೇ ಇಲ್ಲ. ನಮ್ಮದು ನೆಲಮಹಡಿ, ಸಾಲಿಡ್ ತಂದೆವು. ಮೇಲಿನ ಗೋಡೆಯ ಭಾರ ಹೊರಲು ಕಿಟಕಿಯ ಮೇಲೆ ಲಿಂಟಲ್ (ಅಡ್ಡ ತೊಲೆ) ಇದ್ದೇ ಇರುವುದರಿಂದ ಹೊಸ ಗೋಡೆ ತನ್ನ ಭಾರ ತಾನು ಹೊತ್ತರೆ ಸಾಕು.

ತಲೆನೋವು ಇರುವುದು ಸೇರುವ ಜಾಗದಲ್ಲಿ. "ಹೊಸದು ಹಳೇದರ ಕೈ ಹಿಡೀಬೇಕು ಅಕ್ಕ, ಇಲ್ದಿದ್ರೆ ಬಿರುಕು ಗ್ಯಾರಂಟಿ" ಅಂದರು ಮೇಸ್ತ್ರಿ. ಚೌಕಟ್ಟು ಪೂರ್ತಿ ತೆಗೆಸಿದರು, ಮರ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದಲ್ವಾ. ಪಕ್ಕದ ಹಳೆ ಪ್ಲಾಸ್ಟರ್ ಕೆತ್ತಿ, ಇಟ್ಟಿಗೆಗೆ ತೂತು ಕೊರೆದು ತುಂಡು ಕಂಬಿ ಸಿಕ್ಕಿಸಿದರು. ಸೇರುವ ಸಾಲಿನ ಮೇಲೆ ಚಿಕನ್ ಮೆಶ್ (ತೆಳು ತಂತಿ ಬಲೆ) ಹೊಡೆದು ಪ್ಲಾಸ್ಟರ್ ಮಾಡಿದರು. ನಂತರ ಒಂದು ವಾರ ನೀರು ಹಾಕುವುದು ನಮ್ಮ ಕೆಲಸ.

ನನಗೆ ಅತಿ ಇಷ್ಟವಾದದ್ದು ಅವರ ಇನ್ನೊಂದು ಉಪಾಯ. ಬ್ಲಾಕನ್ನು ಗೋಡೆಯ ಹೊರ ಅಂಚಿಗೆ ಸರಿಯಾಗಿ ಕೂರಿಸಿದರು. ಒಳಗೆ 5 ಇಂಚು ಉಳಿಯಿತು. ನಡುವೆ ಕಡಪ ಕಲ್ಲು ಇಟ್ಟು ಗೂಡು ಮಾಡಿದೆವು. ಪುಸ್ತಕ, ಮಾತ್ರೆ, ಚಾರ್ಜರ್ ಎಲ್ಲ ಅಲ್ಲೇ. ಮುಂದೆ ಸಣ್ಣ ಬಿರುಕು ಬಂದರೂ ಗೂಡಿನ ಮೂಲೆಯಲ್ಲಿ ಬರುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಇದಕ್ಕೆಲ್ಲ ಆರು ಸಾವಿರ ದಾಟಿತು, ಅದರಲ್ಲಿ ಹೆಚ್ಚಿನದು ಕೂಲಿ. ಬೋರ್ಡಿನ ಎರಡರಷ್ಟಾದರೂ ಸ್ವಂತ ಮನೆಯಾದರೆ ನನ್ನ ಓಟು ಇದಕ್ಕೇ.

ಆದರೆ ಹೊರಗೆ ನಿಂತು ಪ್ಲಾಸ್ಟರ್ ಮಾಡಲು ಜಾಗ ಇರಬೇಕು. ಮಹಡಿಯಾದರೆ ಸಾರ್ವೆ ಕಟ್ಟುವ ಖರ್ಚೇ ಬೇರೆ. ಅಲ್ಲಿ ನಾವು ಬೋರ್ಡಿಗೆ ಹೋಗಿದ್ದು ಅದಕ್ಕೇ. ಕೋಣೆಗೆ ಬೇರೆ ಕಿಟಕಿ ಇಲ್ಲದಿದ್ದರೆ ಮುಚ್ಚುವ ಯೋಚನೆಯೇ ಬೇಡ. ಮುಂದೆ ಬೀರು ನಿಲ್ಲಿಸಿ ಸುಮ್ನೆ ಮರೆ ಮಾಡುವುದೂ ಬೇಡ, ಹಿಂದೆ ಬೂಷ್ಟು ಬೆಳೆಯುತ್ತದೆ.

ತೆಗೆದ ಚೌಕಟ್ಟು, ಕಂಬಿ ಬಿಸಾಡಬೇಡಿ. ಕಂಬಿ ಗುಜರಿಗೆ ತೂಕಕ್ಕೆ ಹೋಗುತ್ತದೆ. ಒಳ್ಳೆ ಮರದ ಚೌಕಟ್ಟಾದರೆ ಹಳೆ ಮರದ ಅಂಗಡಿಯವರೇ ಬಂದು ಒಯ್ಯುತ್ತಾರೆ. ನಮಗೆ ಮೇಸ್ತ್ರಿಯ ಒಂದು ದಿನದ ಕೂಲಿ ಅದರಲ್ಲೇ ಹುಟ್ಟಿತು.