ಮೂರನೇ ಭಾಗ ಯಾವಾಗಲೂ ಹೊರಗೆ: ಠಾಣೆಯ ಬಾಡಿಗೆ ಲೈಬ್ರರಿ, ಒಬ್ಬ ರೊಮ್ಯಾನ್ಸ್ ಓದುಗನ ಲೆಕ್ಕದಲ್ಲಿ

ನೀವು ಆಫೀಸು, ಕೆಫೆ, ಮದುವೆ ಮನೆಯಲ್ಲಿ ನಡೆಯುವ ಈಗಿನ ಕಾಲದ ಪ್ರೇಮಕಥೆ ಓದುವವರಾ? ಹಾಗಿದ್ದರೆ ಮುಂಬೈ ಹತ್ತಿರದ ಠಾಣೆ ಊರಿನಲ್ಲಿ, ರೈಲ್ವೆ ಸ್ಟೇಷನ್ ಪಕ್ಕದ ಬಾಡಿಗೆ ಲೈಬ್ರರಿಗೆ ಧೈರ್ಯವಾಗಿ ದುಡ್ಡು ಕಟ್ಟಿ. ತೋಳಮನುಷ್ಯ, ರಕ್ತಪಿಶಾಚಿ, ಮಾಟಗಾತಿಯರ ಪ್ರೇಮ ಓದುವವರಾದರೆ ಸ್ವಲ್ಪ ತಡೆಯಿರಿ. ಡಿಪಾಸಿಟ್ ಕೊಡುವ ಮೊದಲು ಕಪಾಟಿನ ಹತ್ತಿರ ಹೋಗಿ, ನಿಮ್ಮ ಸರಣಿಯ ಮೂರನೇ ಭಾಗ ಇದೆಯಾ ನೋಡಿ. ಒಂದನೆಯದು ಇದ್ದೇ ಇರುತ್ತದೆ. ಎರಡನೆಯದೂ ಇರುತ್ತದೆ. ಏಳನೆಯದರ ಎರಡೆರಡು ಪ್ರತಿ ಇರುತ್ತವೆ, ಯಾಕೋ ಗೊತ್ತಿಲ್ಲ. ಮೂರನೆಯದು ಮಾತ್ರ ಸಿಗೋದಿಲ್ಲ.

"ಬಾಹೇರ್ ಆಹೇ" ಅನ್ನುತ್ತಾರೆ ಕೌಂಟರಿನ ಕಾಕಾ. ಯಾರೋ ಒಯ್ದಿದ್ದಾರಂತೆ. ಹೋದ ಗಣಪತಿ ಹಬ್ಬಕ್ಕೂ ಅದು ಹೊರಗೇ ಇತ್ತು, ಈ ಗಣಪತಿಗೂ ಹೊರಗೇ ಇದೆ.

ಲೈಬ್ರರಿಯ ಹೆಸರು ಬೇಡ. ಠಾಣೆ, ಮುಲುಂಡ್, ಡೊಂಬಿವಲಿ ಕಡೆ ಇಂಥವು ಇನ್ನೂ ಅಲ್ಲಲ್ಲಿ ಉಸಿರಾಡುತ್ತಿವೆ. ನಿಯಮಗಳೂ ನಿಮಗೆ ಗೊತ್ತಿರುವವೇ: ಡಿಪಾಸಿಟ್, ತಿಂಗಳ ಚಂದಾ, ಒಂದು ಸಲಕ್ಕೆ ಎರಡು ಪುಸ್ತಕ, ಎಷ್ಟು ಸಲ ಬೇಕಾದರೂ ಬದಲಾಯಿಸಿಕೊಳ್ಳಿ. ಎರಡು ಪುಸ್ತಕಕ್ಕೆ ನಾನು ಕೊಡುತ್ತಿದ್ದದ್ದು ತಿಂಗಳಿಗೆ 250 ರೂಪಾಯಿ. ಒಂದು ಹೊಸ ಇಂಗ್ಲಿಷ್ ಕಾದಂಬರಿಯ ಬೆಲೆಗಿಂತ ಕಡಿಮೆ. ನಾನು ಓದುವ ವೇಗದಲ್ಲಿ ಎಲ್ಲವನ್ನೂ ಕೊಂಡುಕೊಂಡರೆ ಮನೆಯಲ್ಲಿ ಜಾಗ ಮೊದಲು ಮುಗಿಯುತ್ತದೋ, ಸಂಬಳ ಮೊದಲು ಮುಗಿಯುತ್ತದೋ ಹೇಳೋದು ಕಷ್ಟ.

ಗಂಡಸು ರೊಮ್ಯಾನ್ಸ್ ಓದುತ್ತಾನಾ ಅಂತ ಕೇಳುವವರಿಗೆ: ಓದುತ್ತಾನೆ. ನಾನು ಹುಬ್ಬಳ್ಳಿಯಿಂದ ಬಂದವನು, ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ. ದಿನವಿಡೀ ಜನರ ಹತ್ತಿರ ದಾಖಲೆ ಕೇಳೋದೇ ಕೆಲಸ ಆದವನಿಗೆ, ದಾಖಲೆ ಕೇಳದೆ ಒಬ್ಬರನ್ನೊಬ್ಬರು ನಂಬುವವರ ಕಥೆ ಬೇಕು ಅನ್ನಿಸಿದರೆ ಆಶ್ಚರ್ಯ ಏನಿದೆ? ಶುರುವಿನಲ್ಲಿ ಕಾಕಾ ಪ್ರತಿ ಸಲ "ವಹಿನೀಂಸಾಠಿ ಕಾ?" ಅಂತ ಕೇಳುತ್ತಿದ್ದರು. ಪುಸ್ತಕ ಹೆಂಡತಿಗೆ ಅಂತ ಅವರ ಲೆಕ್ಕ. ನನ್ನ ಹೆಂಡತಿ ಓದೋದು ಬರೀ ಕೊಲೆ ರಹಸ್ಯ. ಊಟಕ್ಕೆ ಕೂತಾಗ "ನಿಮ್ಮ ತೋಳ ಎಲ್ಲಿಗೆ ಬಂತು ರೀ?" ಅಂತ ಕೇಳುತ್ತಾಳೆ, ನಾನು ಹೇಳುವ ಮೊದಲೇ ನಗುತ್ತಾಳೆ.

ನನ್ನ ಓದು ನಡೆಯೋದು ರೈಲಿನಲ್ಲಿ. ಠಾಣೆಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿದರೆ ಕಿಟಕಿ ಪಕ್ಕ ಕೂರಬಹುದು. ಸಿಎಸ್‌ಎಂಟಿ ಅನ್ನುವ ಮುಂಬೈನ ಕೊನೇ ಸ್ಟೇಷನ್ ತಲುಪಲು ಹತ್ತಿರ ಹತ್ತಿರ ಒಂದು ಗಂಟೆ. ಫಾಸ್ಟ್ ಹಿಡಿದರೆ ಬೇಗ ಹೋಗಬಹುದು, ಆದರೆ ನಿಂತು, ಅದೂ ಒಂದೇ ಕಾಲಲ್ಲಿ. ನಾನು ಸ್ಲೋಗೆ ಬದಲಾಗಿದ್ದು ಪುಸ್ತಕಕ್ಕಾಗಿಯೇ. ಸಣ್ಣ ಅಳತೆಯ ಪ್ರೇಮಕಥೆ ಅಂದರೆ ಸುಮಾರು 50 ಸಾವಿರ ಪದ. ಎರಡು ದಿನ ಹೋಗಿ ಬರೋದರಲ್ಲಿ ಮುಗಿಯುತ್ತದೆ. ಮೊದಲ ದಿನ ಭಾಂಡುಪ್ ದಾಟುವಾಗ ನಾಯಕ ನಾಯಕಿ ಜಗಳವಾಡಿರುತ್ತಾರೆ. ವಾಪಸ್ ಬರುವಾಗ ಕುರ್ಲಾದಲ್ಲಿ ಒಂದೇ ಮನೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಎರಡನೇ ದಿನ ಸಂಜೆ ಘಾಟ್‌ಕೋಪರ್ ಹತ್ತಿರ ದೊಡ್ಡ ತಪ್ಪು ತಿಳುವಳಿಕೆ. ಮುಲುಂಡ್ ಬರುವ ಹೊತ್ತಿಗೆ ಅವನು ಓಡೋಡಿ ಬಂದು ಎಲ್ಲ ಸರಿಮಾಡುತ್ತಾನೆ. ಠಾಣೆಯಲ್ಲಿ ಇಳಿದು ನೇರ ಲೈಬ್ರರಿ. ಕಾಕಾ ಪುಸ್ತಕ ತೆಗೆದುಕೊಂಡು, ಪುಟ ಒದ್ದೆಯಾಗಿದೆಯಾ ಅಂತ ಹೆಬ್ಬೆರಳಿನಿಂದ ಸರ್ರನೆ ತಿರುವಿ, ನನ್ನ ಕಾರ್ಡಿನಲ್ಲಿ ಗೀಟು ಹಾಕುತ್ತಾರೆ. ಮಳೆಗಾಲದಲ್ಲಿ ಪುಸ್ತಕಕ್ಕೆ ಎರಡು ಪ್ಲಾಸ್ಟಿಕ್ ಚೀಲ, ನನಗೆ ಒಂದು ಮುರುಕು ಛತ್ರಿ.

ರಕ್ಷಾಪುಟದ ವಿಷಯವೂ ಹೇಳಬೇಕು. ಅಂಗಿ ಗುಂಡಿ ಬಿಚ್ಚಿದ ನಾಯಕನನ್ನು ಜನರಲ್ ಡಬ್ಬಾದಲ್ಲಿ ಎತ್ತಿ ಹಿಡಿಯಲು ನನಗೆ ಧೈರ್ಯ ಇಲ್ಲ. ಹಾಗಾಗಿ ಮುಂಬೈನ ಕನ್ನಡ ದಿನಪತ್ರಿಕೆ ‘ಕರ್ನಾಟಕ ಮಲ್ಲ’ದ ಹಾಳೆಯಲ್ಲಿ ರಟ್ಟು ಸುತ್ತುತ್ತೇನೆ. ಇದರಿಂದ ಇನ್ನೊಂದು ಲಾಭ ಆಯಿತು. ಎದುರು ಕೂತವರು ಅಕ್ಷರ ನೋಡಿ "ಊರು ಯಾವುದು?" ಅಂತ ಮಾತಿಗೆ ಬರುತ್ತಾರೆ. ಉಡುಪಿ ಕಡೆಯ ಹೋಟೆಲಿನವರು, ಕಲಬುರಗಿಯ ಪೇಂಟರ್, ಹೀಗೆ ಎಷ್ಟೋ ಜನರ ಪರಿಚಯ ಆಗಿದೆ. ಒಳಗೆ ಏನಿದೆ ಅಂತ ಯಾರೂ ಕೇಳಿಲ್ಲ.

ಈಗಿನ ಕಾಲದ ಪ್ರೇಮಕಥೆಗೂ ಬಾಡಿಗೆ ಲೈಬ್ರರಿಗೂ ಇಷ್ಟು ಚೆನ್ನಾಗಿ ಹೊಂದಲು ಕಾರಣ ಇದೆ. ಮಿಲ್ಸ್ ಆ್ಯಂಡ್ ಬೂನ್ ಅನ್ನುವ ಪ್ರಕಾಶನ 1908ರಲ್ಲಿ ಲಂಡನ್ನಿನಲ್ಲಿ ಶುರುವಾದಾಗ ಎಲ್ಲ ಥರದ ಪುಸ್ತಕ ಹಾಕುತ್ತಿತ್ತು. ಪ್ರೇಮಕಥೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದು 1930ರ ದಶಕದಲ್ಲಿ. ಆಗ ಆ ಪುಸ್ತಕಗಳಿಗೆ ಕಂದು ರಟ್ಟು ಇತ್ತು. ಅವನ್ನು ಜಾಸ್ತಿ ಕೊಳ್ಳುತ್ತಿದ್ದದ್ದು ಓದುಗರಲ್ಲ, ಬಾಡಿಗೆ ಲೈಬ್ರರಿಗಳು. ಓದುಗರು ಪುಡಿಗಾಸು ಕೊಟ್ಟು ಒಯ್ಯುತ್ತಿದ್ದರು, ಮರಳಿಸುತ್ತಿದ್ದರು. 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಪ್ರಕಾಶನ ಅದನ್ನು ಕೊಂಡಿತು, 2008ರ ಹೊತ್ತಿಗೆ ಭಾರತದಲ್ಲೂ ಸ್ವಂತ ಕಚೇರಿ ತೆರೆಯಿತು. ಆ ಪುಸ್ತಕಗಳ ಮೈಕಟ್ಟು ಮಾತ್ರ ಇನ್ನೂ ಲೈಬ್ರರಿಗೆ ಹೇಳಿ ಮಾಡಿಸಿದ ಹಾಗೇ ಇದೆ. ತೆಳು, ಹಗುರ. ಒಂದರಲ್ಲೇ ಕಥೆ ಮುಗಿಯುತ್ತದೆ. ಯಾವುದನ್ನು ಮೊದಲು ಓದಿದರೂ ನಡೆಯುತ್ತದೆ.

ತೋಳಗಳ ಕಥೆ ಹಾಗಲ್ಲ. ಅಲ್ಲಿ ಒಂದು ಊರು, ಒಂದು ಹಿಂಡು, ಅಣ್ಣತಮ್ಮಂದಿರು. ಒಂದೊಂದು ಪುಸ್ತಕಕ್ಕೆ ಒಬ್ಬೊಬ್ಬ ತಮ್ಮನ ಜೋಡಿ ಕೂಡುತ್ತದೆ, ಹಿಂದೆ ಒಂದು ದೊಡ್ಡ ಯುದ್ಧ ನಿಧಾನಕ್ಕೆ ಬೆಳೆಯುತ್ತಾ ಹೋಗುತ್ತದೆ. ಯಾರು ಯಾರಿಗೆ ಅಂತ ಹಣೆಯಲ್ಲೇ ಬರೆದಿರುತ್ತದೆ. ನಾವು ಋಣಾನುಬಂಧ ಅನ್ನೋದನ್ನು ಅವರು ಮೂಗಿನಿಂದ ಕಂಡುಹಿಡಿಯುತ್ತಾರೆ, ಅಷ್ಟೇ ವ್ಯತ್ಯಾಸ. ರಕ್ತಪಿಶಾಚಿಗಳಿಗೋ ಕರೆಯದೆ ಹೊಸ್ತಿಲು ದಾಟುವಂತಿಲ್ಲ ಅನ್ನುವ ನಿಯಮ. 1897ರ ಡ್ರಾಕುಲಾ ಕಾದಂಬರಿಯಲ್ಲೂ ಇದೇ ನಿಯಮ ಇದೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ವಾಪಸ್ ಕಳಿಸಿದ ನಾಡಿನವನು ನಾನು. ನಾಯಕಿ ಒಂದೇ ಮಾತಿಗೆ "ಒಳಗೆ ಬಾ" ಅಂದಾಗಲೆಲ್ಲ ಒಂದು ಸುಣ್ಣದ ತುಂಡು ಕೈಗೆ ಕೊಡೋಣ ಅನ್ನಿಸುತ್ತದೆ.

ಕೊನೆಗೆ ಎಲ್ಲ ಸುಖವಾಗಿರುತ್ತಾರೆ ಅಂತ ಗೊತ್ತೇ ಇದೆಯಲ್ಲ, ಕ್ರಮ ತಪ್ಪಿದರೇನು ಅಂತ ಕೇಳಬಹುದು. ಪ್ರೇಮಕಥೆಯಲ್ಲಿ ಕೊನೆ ಗೊತ್ತಿರೋದು ನಷ್ಟ ಅಲ್ಲ. ಆದರೆ ಮೂರನೆಯದು ಬಿಟ್ಟು ನಾಲ್ಕನೆಯದು ತೆಗೆದರೆ, ಎರಡನೇ ಪುಟದಲ್ಲೇ ಆ ಸಿಡುಕ ಮೂರನೇ ತಮ್ಮ ಮಗುವಿಗೆ ಹಾಲು ಕುಡಿಸುತ್ತಾ ಕೂತಿರುತ್ತಾನೆ. ಅವನನ್ನು ಮೆತ್ತಗೆ ಮಾಡಿದವಳು ಯಾರು, ಹೇಗೆ, ಎಷ್ಟು ಸತಾಯಿಸಿದಳು? ನಾನು ಎರಡು ಪುಸ್ತಕದಿಂದ ಕಾದಿದ್ದು ಅದಕ್ಕೇ ಅಲ್ವಾ? ಅದೆಲ್ಲ ‘ಬಾಹೇರ್’ ಇರುವ ಪುಸ್ತಕದೊಳಗೆ ಆಗಿಹೋಗಿದೆ.

ನಮ್ಮವ್ವ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ಕ್ರಮವಾಗಿ ಜೋಡಿಸಿ, ದಬ್ಬಣದಿಂದ ಹೊಲಿದು ಇಡುತ್ತಿದ್ದಳು. ಒಂದು ವಾರದ ಹಾಳೆ ತಪ್ಪಿದರೆ ಪಕ್ಕದ ಓಣಿಗೆ ಹೋಗಿ ಕೇಳಿ ತರುತ್ತಿದ್ದಳು. ಅಷ್ಟು ಕಾಳಜಿಯನ್ನು ದುಡ್ಡು ತೆಗೆದುಕೊಳ್ಳುವ ಲೈಬ್ರರಿಯಿಂದ ಬಯಸೋದು ಜಾಸ್ತಿ ಅಂತ ನನಗೆ ಅನ್ನಿಸೋದಿಲ್ಲ. ಕಳೆದ ಪುಸ್ತಕವನ್ನು ಮತ್ತೆ ತರಿಸಿ ಅಂದರೆ ಕಾಕಾ, "ಒಬ್ಬರಿಗೋಸ್ಕರ ತರಿಸೋಕೆ ಆಗುತ್ತಾ?" ಅನ್ನುತ್ತಾರೆ. ಏಳನೆಯದನ್ನು ಎರಡು ಪ್ರತಿ ತರಿಸಿದ್ದು ಯಾರಿಗೋಸ್ಕರವೋ.

ಹಾಗಾದರೆ ಚಂದಾ ಯಾಕೆ ನಿಲ್ಲಿಸಿಲ್ಲ ಅಂದರೆ, ಪೆನ್ಸಿಲ್ ಗುರುತುಗಳಿಗಾಗಿ.

ಪ್ರೇಮಕಥೆಗಳ ಹೆಸರುಗಳು ಒಂದರಂತೆ ಇನ್ನೊಂದು. ರಟ್ಟಿನ ಮೇಲಿನ ಜೋಡಿಯೂ ಅಷ್ಟೇ. ಓದಿದ್ದೇನಾ ಇಲ್ಲವಾ ಅಂತ ನೆನಪಿರೋದಿಲ್ಲ. ಹಾಗಾಗಿ ಹಳೇ ಸದಸ್ಯರು ಯಾವುದೋ ಒಂದು ಪುಟದಲ್ಲಿ ತಮ್ಮದೇ ಗುರುತು ಹಾಕಿಡುತ್ತಾರೆ. ಒಬ್ಬರು ಪುಟ 50ರ ಸಂಖ್ಯೆಗೆ ಸುತ್ತು ಹಾಕುತ್ತಾರೆ. ಇನ್ನೊಬ್ಬರದು ಐದು ದಳದ ಹೂವು. ಒಬ್ಬರು ಕೊನೇ ಪುಟದಲ್ಲಿ ಸಣ್ಣ ತ್ರಿಕೋನ ಬರೆಯುತ್ತಾರೆ, ಪಕ್ಕದಲ್ಲಿ ದೇವನಾಗರಿಯಲ್ಲಿ ಒಂದು ಮಾತು: ‘ಛಾನ್’, ‘ಠೀಕ್’ ಅಥವಾ ‘ಫಾಲ್ತು’. ಈ ತ್ರಿಕೋನದವರ ರುಚಿ ನನ್ನ ರುಚಿಗೆ ಎಷ್ಟು ಹೊಂದುತ್ತದೆ ಅಂದರೆ, ಈಗ ನಾನು ಪುಸ್ತಕದ ಬೆನ್ನ ಮೇಲಿನ ಸಾರಾಂಶ ಓದೋದೇ ಇಲ್ಲ. ಕೊನೇ ಪುಟ ತೆಗೆದು ನೋಡುತ್ತೇನೆ. ‘ಛಾನ್’ ಇದ್ದರೆ ಚೀಲಕ್ಕೆ. ನಾಯಕ ಬರೀ ಶ್ರೀಮಂತ, ಬಾಯಿ ತೆಗೆದರೆ ದರ್ಪ ಅಂತಿದ್ದರೆ ಅಲ್ಲಿ ‘ಫಾಲ್ತು’ ಕಾದಿರುತ್ತದೆ. ಒಂದು ತೋಳದ ಕಥೆಯಲ್ಲಿ ಅವರು ಏನೂ ಬರೆಯದೆ ತ್ರಿಕೋನವನ್ನು ಮಾತ್ರ ಎರಡೆರಡು ಸಲ ಗೀಚಿದ್ದರು. ಓದಿ ಮುಗಿಸಿದ ಮೇಲೆ ಯಾಕೆ ಅಂತ ಗೊತ್ತಾಯಿತು. ಆ ರಾತ್ರಿ ನನಗೂ ನಿದ್ದೆ ತಡವಾಗಿ ಬಂತು.

ಅವರು ಯಾರೋ ಗೊತ್ತಿಲ್ಲ. ಕಾಕಾಗೆ ಗೊತ್ತಿರಬಹುದು, ನಾನು ಕೇಳಿಲ್ಲ. ಕೇಳಿ ತಿಳಿದರೆ ಮಜಾ ಹೋಗುತ್ತದೆ. ನನ್ನದೂ ಒಂದು ಗುರುತು ಇದೆ, ಪುಟ 99ರ ಕೆಳಗೆ ಕನ್ನಡದ ‘ಹು’. ಯಾವ ಆ್ಯಪ್ ಕೊಡುವ ಸಲಹೆಯೂ ನನಗೆ ಈ ಪೆನ್ಸಿಲಿನಷ್ಟು ಸರಿಯಾದ ಪುಸ್ತಕ ತೋರಿಸಿಲ್ಲ.

ಆ್ಯಪ್ ಅಂದೆನಲ್ಲ, ಅದೇ ಈಗಿನ ತಲೆನೋವು. ಕಾಕಾನ ಮಗ ವ್ಯವಹಾರಕ್ಕೆ ಬಂದ ಮೇಲೆ ಪುಸ್ತಕಗಳಿಗೆ ಬಾರ್‌ಕೋಡ್ ಬಂತು, ಮನೆಗೇ ತಂದುಕೊಡುವ ವ್ಯವಸ್ಥೆ ಬಂತು. ಹೇಳಲು ಎಲ್ಲ ಚೆಂದ. ಆದರೆ ಆ್ಯಪಿನಲ್ಲಿ ಸರಣಿಯ ಹೆಸರಿಲ್ಲ, ಎಷ್ಟನೇ ಭಾಗ ಅಂತಿಲ್ಲ, ಬರೀ ಪುಸ್ತಕದ ಹೆಸರಿನ ಅಕ್ಷರಮಾಲೆ. ತೋಳದ ಕಥೆ ಕೇಳಿದರೆ ಒಂದು ಸಲ ಕಾಡುಪ್ರಾಣಿಗಳ ಫೋಟೋ ಪುಸ್ತಕ ಬಂತು. ಚಿತ್ರ ಚೆನ್ನಾಗಿದ್ದವು, ಅದು ಬೇರೆ ಮಾತು. ಮನೆಗೆ ಬರುವ ಪುಸ್ತಕದಲ್ಲಿ ಮೊದಲೇ ಕೊನೇ ಪುಟ ತೆಗೆದು ನೋಡುವ ಅವಕಾಶವೂ ಇಲ್ಲ.

ಅದಕ್ಕಿಂತ ಹೊಟ್ಟೆ ಉರಿದದ್ದು ಹೋದ ದೀಪಾವಳಿಯ ಸ್ವಚ್ಛತೆಯಲ್ಲಿ. ಹಳದಿಯಾದ ಹಳೇ ಪ್ರೇಮಕಥೆಗಳನ್ನು ಮಗರಾಯ ತೂಕಕ್ಕೆ ಹಾಕಿಬಿಟ್ಟ. ಹೂವಿನವರು, ಸುತ್ತಿನವರು, ತ್ರಿಕೋನದವರು ಎಲ್ಲ ಒಟ್ಟಿಗೆ ರದ್ದಿವಾಲಾನ ತಕ್ಕಡಿಗೆ ಏರಿದರು. ಖಾಲಿಯಾದ ಜಾಗಕ್ಕೆ ಶೇರು ಮಾರುಕಟ್ಟೆಯ ಪುಸ್ತಕ, ಬೆಳಿಗ್ಗೆ ನಾಲ್ಕಕ್ಕೆ ಏಳಿ ಅನ್ನುವ ಪುಸ್ತಕ. ಕಾಕಾ ತಲೆ ತಗ್ಗಿಸಿ ಕಾರ್ಡಿನಲ್ಲಿ ಗೀಟು ಹಾಕಿದರು, ಏನೂ ಹೇಳಲಿಲ್ಲ. ಕೆಳಗಿನ ಸಾಲಿನ ಕನ್ನಡ ಪುಸ್ತಕಗಳು ಹೇಗೋ ಉಳಿದವು. ಊರಿಗೆ ವಾಪಸ್ ಹೋದ ಯಾವುದೋ ಕುಟುಂಬ ಕೊಟ್ಟು ಹೋದ ಸಾಮಾಜಿಕ ಕಾದಂಬರಿಗಳು ಅವು. ಮಗನಿಗೆ ಲಿಪಿ ಬರೋದಿಲ್ಲ, ಹಾಗಾಗಿ ಏನೋ ಬೆಲೆಬಾಳುವವು ಅಂದುಕೊಂಡಿರಬೇಕು.

ಇಷ್ಟಾದ ಮೇಲೆ ನಾನು ಎರಡು ಪುಸ್ತಕದ ಚಂದಾ ಬಿಟ್ಟು ಒಂದು ಪುಸ್ತಕದ್ದಕ್ಕೆ ಇಳಿದೆ. ಉಳಿದ ದುಡ್ಡು ಒಂದು ಡಬ್ಬಿಗೆ. ಎರಡು ತಿಂಗಳಿಗೊಮ್ಮೆ ಮಾಟುಂಗಾಕ್ಕೆ ಹೋಗಿ, ಕಿಂಗ್ಸ್ ಸರ್ಕಲ್ ಹತ್ತಿರ ಫುಟ್‌ಪಾತಿನ ಹಳೇ ಪುಸ್ತಕದವರ ಹತ್ತಿರ ತೋಳಗಳನ್ನು ಹುಡುಕುತ್ತೇನೆ. ಅಲ್ಲಿ ಸರಣಿ ಪೂರ್ತಿ ಸಿಗೋದು ಅಪರೂಪ. ಆದರೆ ಕೊಂಡದ್ದು ನನ್ನದೇ, ಕ್ರಮವಾಗಿ ಜೋಡಿಸಿ ಇಟ್ಟುಕೊಳ್ಳಬಹುದು. ಚೌಕಾಸಿ ಮಾಡಿ ಸುಸ್ತಾದರೆ ಪಕ್ಕದಲ್ಲೇ ಇಡ್ಲಿ, ಫಿಲ್ಟರ್ ಕಾಫಿ. ತೀರಾ ಸಿಗದ ಭಾಗವನ್ನು ಫೋನಿನಲ್ಲಿ ಕೊಂಡು ಓದುತ್ತೇನೆ. ರೈಲಿನ ಬಿಸಿಲಿಗೆ ಫೋನಿನ ಪರದೆ ಕಾಣೋದಿಲ್ಲ, ಕಣ್ಣೂ ಉರಿಯುತ್ತದೆ, ಆದರೂ ಮೂರನೇ ತಮ್ಮನಿಗಾಗಿ ಅಷ್ಟು ಸಹಿಸಬಹುದು.

ಸೇರುವ ಮನಸ್ಸಿದ್ದರೆ ಭಾನುವಾರ ಹೋಗಬೇಡಿ, ಮಕ್ಕಳ ಗದ್ದಲದಲ್ಲಿ ಕಪಾಟು ನೋಡಲು ಆಗೋದಿಲ್ಲ. ವಾರದ ಮಧ್ಯೆ, ಸಂಜೆ ಏಳರ ನಂತರ, ಕಾಕಾ ಕೂತಿರುವಾಗ ಹೋಗಿ. ಆ್ಯಪ್ ಹಾಕಿಸಿಕೊಳ್ಳಬೇಡಿ, ಕಾರ್ಡೇ ಬೇಕು ಅನ್ನಿ. ಕೇಳಿದರೆ ಇನ್ನೂ ಕೊಡುತ್ತಾರೆ. ಗುರುತು ಹಾಕೋದಾದರೆ ಪೆನ್ಸಿಲಿನಲ್ಲೇ ಹಾಕಿ. ಪೆನ್ನಿನ ಗೀಟು ಕಂಡರೆ ಇಪ್ಪತ್ತು ರೂಪಾಯಿ ದಂಡ, ಅದರಲ್ಲಿ ಕಾಕಾ ಯಾರಿಗೂ ರಿಯಾಯಿತಿ ಕೊಡೋದಿಲ್ಲ.