ಮೂಡುಬಿದಿರೆಯೋ ಕಾರ್ಕಳವೋ?

ಮಂಗಳೂರಿನಿಂದ ಘಟ್ಟದ ಕಡೆಗೆ ಕಾರಿನಲ್ಲಿ ಹೊರಟವರಿಗೆ ಮೊದಲು ಸಿಗುವುದು ಮೂಡುಬಿದಿರೆ, ಆಮೇಲೆ ಕಾರ್ಕಳ. ಎರಡೂ ಹಳೆಯ ಜೈನ ಊರುಗಳು. ಒಂದೇ ಕಡೆ ಇಳಿಯುವುದಾದರೆ ನಾನು ಮೂಡುಬಿದಿರೆಯನ್ನೇ ಆರಿಸುತ್ತೇನೆ. ಇಲ್ಲಿನ 18 ಬಸದಿಗಳಲ್ಲಿ ಹಲವು ಜೈನಪೇಟೆಯ ಆಸುಪಾಸಿನಲ್ಲೇ ಇವೆ. ಕಾರು ನಿಲ್ಲಿಸಿ ನಡೆದೇ ನೋಡಬಹುದು. 1430ರ ಸಾವಿರ ಕಂಬದ ಬಸದಿಯಲ್ಲಿ ಕಂಬಗಳ ಹತ್ತಿರ ನಿಂತು ನೋಡಿ, ಒಂದರ ಕೆತ್ತನೆಯಂತೆ ಇನ್ನೊಂದಿಲ್ಲ. ಮೇಲಿನ ಇಳಿಜಾರು ಮಾಡಂತೂ ಕರಾವಳಿಯ ಮಳೆಗೆಂದೇ ಹುಟ್ಟಿದ್ದು.

ಕಾರ್ಕಳದ ಸೊಗಸು ಎತ್ತರದಲ್ಲಿದೆ. ಬಂಡೆಗುಡ್ಡದ ಮೇಲೆ 1432ರ ಗೊಮ್ಮಟ, ಸುಮಾರು 42 ಅಡಿ. ಎದುರಿನ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ. ಮಧ್ಯಾಹ್ನ ಬಂಡೆ ಕಾದು ಬರಿಗಾಲು ಚುರುಗುಟ್ಟುತ್ತದೆ. ಬಿಸಿಲಿಳಿದ ಮೇಲೆ ಬರುವವರು ಮಾತ್ರ ಕಾರ್ಕಳಕ್ಕೇ ಹೋಗಲಿ.